ಆ ರಾತ್ರಿ ನೀನು ತಾರಸಿಗೆ ಹೋಗಿದ್ದಕ್ಕಲ್ಲ

ದಾವಣಗೆರೆ
30 ನವೆಂಬರ್ 2025, ಭಾನುವಾರ

ಚಿ. ಸೌ. ಕಾವ್ಯಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಬಂತು. ಪೋಸ್ಟಿನವನು ಗೇಟಿನ ಹತ್ತಿರ ಕೂಗಿದಾಗ ಪೆನ್ಷನ್ ಕಾಗದ ಇರಬೇಕು ಅಂದುಕೊಂಡೆ. ನಿನ್ನ ಅಕ್ಷರ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಿತ್ರದುರ್ಗ ಏನು ದೂರದ ಊರಾ? ಬಸ್ಸಿನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ. ದಿನಾ ಫೋನಿನಲ್ಲಿ ಮಾತಾಡುವ ಹುಡುಗಿ ಕಾಗದ ಬರೆದು ಪೋಸ್ಟಿಗೆ ಹಾಕಿದ್ದಾಳೆ ಅಂದರೆ, ಬಾಯಲ್ಲಿ ಹೇಳೋಕೆ ಆಗದ್ದು ಏನೋ ಇದೆ ಅಂತ ಒಡೆಯುವ ಮುಂಚೆಯೇ ಗೊತ್ತಾಯಿತು.

ಐದು ತಿಂಗಳಿಗೇ ಕೂಸನ್ನು ಕಳೆದುಕೊಂಡ, ಆಸ್ಪತ್ರೆಯ ಆ ಎರಡು ದಿನದ ಬಗ್ಗೆ ನಾನು ಏನೂ ಬರೆಯಲ್ಲ. ನಿನ್ನ ಮಗ್ಗುಲಲ್ಲೇ ಇದ್ದೆ. ನಿನಗೂ ಗೊತ್ತು, ನನಗೂ ಗೊತ್ತು.

ನಾಲ್ಕು ಪುಟ ಬರೆದಿದ್ದೀಯಾ. ಮೂರನೇ ಪುಟದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಒಂದು ಮಾತು ಬರೆದಿದ್ದೀಯಾ. "ಗ್ರಹಣದ ರಾತ್ರಿ ಹೊರಗೆ ಹೋಗಬೇಡ ಅಂತ ನೀನೂ ಹೇಳಿದ್ದೆ ದೊಡ್ಡಮ್ಮ. ನಾನು ಕೇಳಲಿಲ್ಲ. ಅದಕ್ಕೇ ಕೂಸಿನ ಕಾಲು ಹಾಗಾಯ್ತಾ?"

ಮೂರು ದಿನದಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ರೊಟ್ಟಿ ತಟ್ಟುವಾಗ ಅದೇ, ಮಲಗಿದಾಗಲೂ ಅದೇ. ನಿಮ್ಮ ಅತ್ತೆ ಅಂದಿದ್ದರೆ, ಬೀದಿಯವರು ಅಂದಿದ್ದರೆ ನನಗೆ ಇಷ್ಟು ಆಗುತ್ತಿರಲಿಲ್ಲ. ನೀನು ನನ್ನ ಹೆಸರು ಬರೆದಿದ್ದೀಯಾ. ನೀನೂ ಹೇಳಿದ್ದೆ ದೊಡ್ಡಮ್ಮ, ಅಂತ. ಹೌದು, ಹೇಳಿದ್ದೆ. ಸೆಪ್ಟೆಂಬರ್ 7ರ ಸಂಜೆ ನಾನೇ ಫೋನ್ ಮಾಡಿ, "ಇವತ್ತು ಚಂದ್ರಗ್ರಹಣ, ಸುಮ್ನೆ ಒಳಗಿರು ಪುಟ್ಟಿ, ಇವತ್ತೊಂದಿನ" ಅಂದೆ. ಮೂವತ್ತೈದು ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು, ಸಾವಿರಾರು ಹೆರಿಗೆ ಮಾಡಿಸಿದವಳು, ಅದರಲ್ಲಿ ಏನೂ ಇಲ್ಲ ಅಂತ ಚೆನ್ನಾಗಿ ಗೊತ್ತಿದ್ದವಳು ಹಾಗೆ ಅಂದೆ. ಯಾಕೆ ಅಂದೆ? ಜನ ಆಡಿಕೊಳ್ಳದಿರಲಿ ಅಂತ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನಿನ್ನ ಮೇಲೆ ಮಾತು ಬರಬಾರದು ಅಂತ. ಈಗ ನೋಡು, ಆ ಮಾತು ನನ್ನ ಬಾಯಿಂದಲೇ ನಿನ್ನ ಮೇಲೆ ಬಂತು.

ಮೊದಲು ಲೆಕ್ಕ ಹೇಳುತ್ತೇನೆ. ಗುರುವಾರ ರಾತ್ರಿಯೇ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಹಾಕಿದ ಲೆಕ್ಕ ಇದು.

ನೀನು ಕೊನೆಯ ಸಲ ಮುಟ್ಟಾಗಿದ್ದು ಜೂನ್ 14. ನಿನ್ನ ತಾಯಿ ಕಾರ್ಡಿನಲ್ಲಿ ನಾನೇ ನೋಡಿದ್ದೇನೆ. ಹಾಗಾದರೆ ಗರ್ಭ ಕಟ್ಟಿದ್ದು ಜೂನ್ ತಿಂಗಳ ಕೊನೆಗೆ, 28ರ ಆಸುಪಾಸು ಅಂತ ಇಟ್ಟುಕೋ. ಕೂಸಿನ ಎರಡೂ ಕಾಲು ಒಂದಾಗಿ ಕೂಡಿಕೊಳ್ಳುವ ಈ ತೊಂದರೆ ಆಗುವುದು ಗರ್ಭ ಕಟ್ಟಿದ ಮೂರು, ಹೆಚ್ಚೆಂದರೆ ನಾಲ್ಕು ವಾರದ ಒಳಗೆ. ಆಗ ಕೂಸು ಎಳ್ಳಿನ ಕಾಳಿನಷ್ಟು ಇರುತ್ತದೆ. ಕೈಕಾಲು ಅನ್ನೋದು ಇನ್ನೂ ಮೊಳಕೆ. ಆ ಹೊತ್ತಿನಲ್ಲೇ ಸೊಂಟದ ಕೆಳಗಿನದೆಲ್ಲ ಹೇಗೆ ಬೆಳೆಯಬೇಕು ಅನ್ನೋದು ಗೊತ್ತಾಗಿಬಿಟ್ಟಿರುತ್ತದೆ. ಅಂದರೆ ಜುಲೈ 26ರ ಒಳಗೆ ಎಲ್ಲಾ ಆಗಿಹೋಗಿತ್ತು. ನೀನು ಕಡ್ಡಿ ಹಾಕಿ ನೋಡಿ, ಎರಡು ಗೆರೆ ಬಂತು ಅಂತ ನನಗೆ ಫೋಟೋ ಕಳಿಸಿದ್ದು ಜುಲೈ 20. ನೀನು ಕುಣಿದಾಡುತ್ತಿದ್ದ ವಾರವೇ ಅದು ಆಗುತ್ತಿತ್ತು. ನಿನಗೂ ಗೊತ್ತಿರಲಿಲ್ಲ, ಯಾವ ಡಾಕ್ಟರಿಗೂ ಗೊತ್ತಾಗುವ ಹಾಗಿರಲಿಲ್ಲ.

ಗ್ರಹಣ ಆಗಿದ್ದು ಸೆಪ್ಟೆಂಬರ್ 7. ಅಲ್ಲಿಗೆ ಆರು ವಾರ ಕಳೆದಿತ್ತು. ರಾತ್ರಿ ಹತ್ತಕ್ಕೆ ಹಿಡಿಯಿತು, ಹನ್ನೊಂದರಿಂದ ಹನ್ನೆರಡೂ ಕಾಲರ ತನಕ ಪೂರ್ತಿ ಕೆಂಪು. ನೀನು ಐದು ನಿಮಿಷ ತಾರಸಿ ಮೇಲೆ ನಿಂತು ಮೋಡದ ಸಂದಿಯಲ್ಲಿ ನೋಡಿ ಬಂದೆ. ಆ ಐದು ನಿಮಿಷ ಆರು ವಾರ ಹಿಂದಕ್ಕೆ ಹೋಗಿ ಏನು ಮಾಡೋಕಾಗುತ್ತದೆ ಕೂಸೇ? ಈ ಲೆಕ್ಕ ನೀನೇ ಒಂದು ಸಲ ಹಾಕು. ಬೆರಳು ಮಡಿಚಿ ಹಾಕು. ನಾನು ಹೇಳಿದೆ ಅಂತ ನಂಬಬೇಡ. ನಾನು ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿದ್ದು.

ಈ ಲೆಕ್ಕ ನಾನು ಹಾಕಿದ್ದು ಇದೇ ಮೊದಲ ಸಲ ಅಲ್ಲ. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ. ಈಗ ಹೇಳುತ್ತೇನೆ.

1980ರಲ್ಲಿ ನನಗೆ ಇಪ್ಪತ್ನಾಲ್ಕು. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದ್ದರು. ಆಗ ದಾವಣಗೆರೆ ಬೇರೆ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು 1997ರಲ್ಲಿ. ಎಲ್ಲಾ ಚಿತ್ರದುರ್ಗವೇ. ಒಂದು ಕೋಣೆಯ ಉಪಕೇಂದ್ರ, ಒಂದು ಬೀರು, ಒಂದು ಸೀಮೆಎಣ್ಣೆ ಸ್ಟೋವ್, ಕತ್ತರಿ ಕುದಿಸೋಕೆ. ಸುತ್ತಲೂ ಶೇಂಗಾ ಹೊಲ. ಫೆಬ್ರವರಿ 16, ಶನಿವಾರ, ಸೂರ್ಯಗ್ರಹಣ. ಗದಗ, ರಾಯಚೂರು ಕಡೆ ಸೂರ್ಯ ಪೂರ್ತಿ ಮುಚ್ಚಿಹೋಗಿತ್ತು. ನಮ್ಮ ಕಡೆ ಒಂದು ಚೂರು ಉಳಿದಿತ್ತು ಅಷ್ಟೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಬಿಸಿಲು ಒಂಥರಾ ಬೂದಿ ಬಣ್ಣಕ್ಕೆ ತಿರುಗಿತು. ಕೋಳಿಗಳು ಗೂಡಿಗೆ ಹೋದವು. ಊರಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ನಾನೂ ಅಗಳಿ ಹಾಕಿಕೊಂಡು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಜುಲೈನಲ್ಲಿ ಒಂದು ಮನೆಯಿಂದ ನಡುರಾತ್ರಿ ಕರೆ ಬಂತು. ಆ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಮೊದಲನೇ ಹೆರಿಗೆ. ನೀರು ಒಡೆಯಿತು ಅಂತ ಹೇಳುವಷ್ಟು ನೀರೇ ಇರಲಿಲ್ಲ. ಒಣ ಹೆರಿಗೆ, ಬೆಳಗಿನ ತನಕ ನರಳಿದಳು. ಕೂಸು ಹುಟ್ಟಿತು. ಲಾಂದ್ರ ಹತ್ತಿರ ತಂದು ನೋಡಿದೆ. ಸೊಂಟದಿಂದ ಹಿಮ್ಮಡಿ ತನಕ ಎರಡೂ ಕಾಲು ಒಂದೇ ಚರ್ಮದೊಳಗೆ. ಕೈಯಾಡಿಸಿದರೆ ಒಳಗೆ ಎಲುಬು ಎರಡು ಸಿಗುತ್ತಿದ್ದವು. ಪಾದ ಹೊರಕ್ಕೆ ತಿರುಗಿತ್ತು. ಹೆಣ್ಣೋ ಗಂಡೋ ಹೇಳುವ ಹಾಗಿರಲಿಲ್ಲ. ತಲೆ ತುಂಬ ಕಪ್ಪು ಕೂದಲು. ಹೊಕ್ಕಳುಬಳ್ಳಿ ಕಟ್ಟಿ ಕತ್ತರಿಸಿದೆ. ಕತ್ತರಿಸಿದ ತುದಿಯಲ್ಲಿ ಮೂರು ತೂತು ಕಾಣಬೇಕು ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಎರಡೇ ಇತ್ತು. ನೋಡಿದೆ. ಅದಕ್ಕೆ ಅರ್ಥ ಏನು ಅಂತ ಗೊತ್ತಿರಲಿಲ್ಲ. ಬಟ್ಟೆ ಸುತ್ತಿ ಎತ್ತಿಕೊಂಡೆ. ನನ್ನ ಕಿರುಬೆರಳು ಹಿಡಿದುಕೊಂಡಿತ್ತು. ಎರಡು ಗಂಟೆ ಇತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಗ್ರಹಣದ ದಿನ ಮೇಕೆ ಮರಿ ಬಿಚ್ಚಿಕೊಂಡಿತ್ತು. ಬ್ಯಾಡ ಅಂದ್ರೂ ಹೊಸ್ತಿಲು ದಾಟಿ ಹೋಗಿ ಹಿಡ್ಕಂಬಂದ್ಲು. ಅದಕ್ಕೇ ಅಲ್ವಾ ನರ್ಸಮ್ಮ?"

ನಾನು, "ಇರಬಹುದು" ಅಂದೆ.

ಇಷ್ಟೇ ಅಂದಿದ್ದು. ಸುಸ್ತಾಗಿತ್ತು, ಹೆದರಿದ್ದೆ, ನನ್ನ ಕೈತಪ್ಪು ಅಂದುಬಿಟ್ಟರೆ ಅಂತಲೂ ಒಳಗೊಳಗೆ ಇತ್ತು. ಒಂದು ಮಾತು ಅಂದು ಕೈ ತೊಳೆದುಕೊಂಡೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಆ ಹುಡುಗಿ ಅದನ್ನು ಕೇಳಿಸಿಕೊಂಡಳು. ಅವಳಿಗೆ ಕೂಸನ್ನು ತೋರಿಸಲಿಲ್ಲ. ಅದನ್ನೂ ನಾನು ತಡೆಯಲಿಲ್ಲ. ಬೆಳಕು ಹರಿಯುವ ಮುಂಚೆ ಒಯ್ದುಬಿಟ್ಟರು. ರಿಜಿಸ್ಟರಿನಲ್ಲಿ ಗಂಡು ಹೆಣ್ಣು ಅಂತ ಬರೆಯುವ ಖಾನೆಯನ್ನು ಖಾಲಿ ಬಿಟ್ಟೆ. ಮೇಲಿನವರು ಆಮೇಲೆ ಯಾಕೆ ಖಾಲಿ ಅಂತ ಕೇಳಿದರು. ಏನು ಹೇಳಿದೆ ಅನ್ನೋದು ನೆನಪಿಲ್ಲ. ವರ್ಷ ತುಂಬುವುದರೊಳಗೆ ಅವಳನ್ನು ತವರಿಗೆ ಅಟ್ಟಿದರು. ಗಂಡನಿಗೆ ಬೇರೆ ಮದುವೆ ಆಯಿತು. ಗ್ರಹಣ ಕಚ್ಚಿದವಳು ಅಂತ ಊರಲ್ಲಿ ಹೆಸರು ಬಿತ್ತು. ನರ್ಸಮ್ಮನೇ ಹೇಳಿದ್ದಾರೆ ಅಂತ ಸಾಕ್ಷಿ ಬೇರೆ.

ಹತ್ತು ಹನ್ನೊಂದು ವರ್ಷ ಆದಮೇಲೆ ಒಂದು ಟ್ರೈನಿಂಗಿಗೆ ಹೋಗಿದ್ದೆ. ಒಂದು ಮೆಡಿಕಲ್ ಕಾಲೇಜಿನಲ್ಲಿ ಗಾಜಿನ ಜಾಡಿಗಳನ್ನು ಇಟ್ಟಿದ್ದ ಕೋಣೆಗೆ ಕರೆದುಕೊಂಡು ಹೋದರು. ಮೂಲೆಯ ಒಂದು ಜಾಡಿಯಲ್ಲಿ ಅದೇ ಕೂಸು. ಅದೇ ಅಂದರೆ ಅಂಥದ್ದೇ. ನನ್ನ ಕಾಲು ನಡುಗಿತು. ಕೆಳಗೆ ಚೀಟಿ, ಸೈರೆನೋಮೀಲಿಯಾ ಅಂತ. ಅರವತ್ತು ಸಾವಿರ, ಒಂದು ಲಕ್ಷ ಹೆರಿಗೆಗೆ ಒಂದು ಕಾಣಿಸಬಹುದು ಅಂದರು. ನನ್ನ ಜೀವಮಾನದಲ್ಲಿ ಎರಡು ಸಲ ಕಂಡಿತು. ಒಂದು ನನ್ನ ಕೈಯಲ್ಲಿ, ಒಂದು ನಿನ್ನಲ್ಲಿ.

ಅಲ್ಲಿ ಪಾಠ ಮಾಡುತ್ತಿದ್ದ ಡಾಕ್ಟರಿಗೆ ಆ ಎರಡು ತೂತಿನ ವಿಷಯ ಕೇಳಿದೆ. ಅವರಿಗೆ ಖುಷಿಯಾಯಿತು, ಹಳ್ಳಿಯ ನರ್ಸ್ ಅದನ್ನು ಗಮನಿಸಿದ್ದಾಳೆ ಅಂತ. ಕೂರಿಸಿಕೊಂಡು ಹೇಳಿದರು. ಹೊಕ್ಕಳುಬಳ್ಳಿಯಲ್ಲಿ ಕೂಸಿನ ರಕ್ತ ಮಾಸಿಗೆ ಒಯ್ಯುವ ನಾಳ ಎರಡು, ವಾಪಸ್ ತರುವುದು ಒಂದು. ಈ ಕೂಸುಗಳಲ್ಲಿ ಒಯ್ಯುವ ನಾಳ ಒಂದೇ ಇರುತ್ತದೆ. ಅದೂ ಹೊಟ್ಟೆಯ ಮೇಲ್ಭಾಗದಲ್ಲೇ ದೊಡ್ಡದಾಗಿ ಹೊರಟುಬಿಡುತ್ತದೆ. ರಕ್ತವೆಲ್ಲ ಆ ಕಡೆ ಹೋಗುತ್ತದೆ, ಕೆಳಗಡೆಗೆ ಸಾಲುವುದಿಲ್ಲ. ಭದ್ರಾ ನಾಲೆಯ ಕೊನೆ ಭಾಗದ ರೈತರ ಕಥೆ ಇದೆಯಲ್ಲ, ಮೇಲಿನವರೇ ನೀರು ತಿರುಗಿಸಿಕೊಂಡು ಕೊನೆಯ ಗದ್ದೆ ಒಣಗುತ್ತದೆ ಅಂತ, ಹಾಗೆ. ಇನ್ನು ಕೆಲವು ಡಾಕ್ಟರುಗಳು ಮೂಲದಲ್ಲೇ ಕೆಳಗಿನ ಭಾಗ ಕಟ್ಟಿಕೊಳ್ಳುವುದರಲ್ಲಿ ಕೊರತೆ ಅಂತಾರಂತೆ. ಅವರವರಲ್ಲೇ ವಾದ ಇದೆ. ಯಾವುದಾದರೂ ಆಗಲಿ, ಮೊದಲ ತಿಂಗಳಿನಲ್ಲೇ ಆಗುವುದು ಅನ್ನೋದರಲ್ಲಿ ವಾದ ಇಲ್ಲ.

ಅವತ್ತು ರಾತ್ರಿ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಗ್ರಹಣದ ದಿನ ಆ ಹುಡುಗಿಗೆ ನಾಲ್ಕು ತಿಂಗಳು ತುಂಬಿತ್ತು. ಅವಳು ಮೇಕೆ ಮರಿ ಹಿಡಿಯೋಕೆ ಹೊಸ್ತಿಲು ದಾಟುವಷ್ಟರಲ್ಲಿ ಕೂಸಿನ ಕಾಲು ಕೂಡಿಕೊಂಡು ಮೂರು ತಿಂಗಳಾಗಿತ್ತು. ನನ್ನ ಒಂದು ಮಾತಿಗೆ ಅವಳು ಮನೆ ಕಳೆದುಕೊಂಡಳು.

ಅವಳನ್ನು ಹುಡುಕಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಏನು ಮುಖ ಇಟ್ಟುಕೊಂಡು ಹೋಗಲಿ ಅಂತ ವರ್ಷಗಟ್ಟಲೆ ಮುಂದೆ ಹಾಕಿದೆ. ಕೊನೆಗೆ ಅವಳೇ ಸಿಕ್ಕಳು, ನಾಯಕನಹಟ್ಟಿ ಜಾತ್ರೆಯಲ್ಲಿ. ತೇರಿನ ಗದ್ದಲದಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ. "ನರ್ಸಮ್ಮ, ನೀವು ನೋಡಿದ್ರಲ್ಲ. ಅದರ ಮುಖ ಹೆಂಗಿತ್ತು?"

ತಲೆ ತುಂಬ ಕೂದಲಿತ್ತು ಅಂದೆ. ನನ್ನ ಬೆರಳು ಹಿಡ್ಕೊಂಡಿತ್ತು ಅಂದೆ. ಯಾವ ಬೆರಳು ಅಂತ ಕೇಳಿದಳು. ತೋರಿಸಿದೆ. ಆ ಬೆರಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ನಾನು ಹೇಳಿದೆ, ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲ ಕಣಮ್ಮ, ನಾನು ಅವತ್ತು ತಿಳಿಯದೆ ಅಂದೆ ಅಂತ. ಅವಳು ತೇರಿನ ಕಡೆ ನೋಡುತ್ತಾ, "ಮಾಡಿದಷ್ಟು ನೀಡು ಭಿಕ್ಷೆ ಅಂತಾರಲ್ಲಮ್ಮ, ಏನೋ ಮಾಡಿರ್ತೀನಿ" ಅಂದಳು.

ಆ ಮಾತು ತಿಪ್ಪೇರುದ್ರಸ್ವಾಮಿಯದ್ದು, ನಿನಗೆ ಗೊತ್ತೇ ಇದೆ. ಆ ಮಹಾನುಭಾವ ಅದನ್ನು ಹೇಳಿದ್ದು ಕೆರೆ ಕೆಲಸದ ಕೂಲಿಗೆ. ಕೆರೆ ಕಟ್ಟಿಸುವಾಗ ದುಡಿದವರು ತಮ್ಮ ಮುಂದಿನ ಮರಳು ಗುಡ್ಡೆ ತೆಗೆದರೆ ಅವರವರು ದುಡಿದಷ್ಟು ಕಾಸು ಸಿಗುತ್ತಿತ್ತು ಅಂತ ನಮ್ಮ ಕಡೆ ಹೇಳುತ್ತಾರೆ. ಗುದ್ದಲಿ ಹಿಡಿದವರಿಗೆ ಹೇಳಿದ ಮಾತನ್ನು ಬಾಣಂತಿಯ ತಲೆಗೆ ಕಟ್ಟಿದರೆ ಸ್ವಾಮಿ ಮೆಚ್ಚುತ್ತಾರಾ? ಅವಳಿಗೆ ಅವತ್ತು ಇದನ್ನು ಹೇಳೋಕೆ ಬಾಯಿ ಬರಲಿಲ್ಲ. ನಿನಗೆ ಹೇಳುತ್ತಿದ್ದೇನೆ. ನಿನ್ನ ಪತ್ರದಲ್ಲೂ ಒಂದು ಕಡೆ "ನಾನು ಏನು ಪಾಪ ಮಾಡಿದ್ದೆನೋ" ಅಂತ ಇದೆ. ಅದನ್ನು ಹೊಡೆದು ಹಾಕಿದ್ದೀಯಾ, ಆದರೂ ಓದೋಕೆ ಬರುತ್ತದೆ.

ಇಷ್ಟೆಲ್ಲ ಆದಮೇಲೂ ಸೆಪ್ಟೆಂಬರಿನಲ್ಲಿ ನಿನಗೆ ಫೋನ್ ಮಾಡಿ ಒಳಗಿರು ಅಂದೆನಲ್ಲ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಸಲ ತಿಳಿಯದೆ ಅಂದೆ. ಎರಡನೇ ಸಲ ಎಲ್ಲಾ ತಿಳಿದು ಅಂದೆ.

ಇನ್ನೊಂದು ವಿಷಯ. ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಹುಡುಕುತ್ತಿರುತ್ತೀಯಾ ಅಂತ ಬರೆದಿದ್ದೀಯಾ. ಪೆರು ದೇಶದ ಮಿಲಾಗ್ರೋಸ್ ಬದುಕಿದ್ದಳಲ್ಲ, ನಾವು ಬೇರೆ ಆಸ್ಪತ್ರೆಗೆ ಹೋಗಿದ್ದರೆ, ಬೇಗ ಹೋಗಿದ್ದರೆ ಅಂತ ಕೇಳಿದ್ದೀಯಾ. ಇದೂ ಅದೇ ಭಯ ಕೂಸೇ, ಬೇರೆ ಸೀರೆ ಉಟ್ಟುಕೊಂಡು ಬಂದಿದೆ. ಆ ಹುಡುಗಿಯನ್ನು ನಾನೂ ಟಿವಿಯಲ್ಲಿ ನೋಡಿದ್ದೆ. 2004ರಲ್ಲಿ ಹುಟ್ಟಿದಳು, 2005ರಲ್ಲಿ ಲಿಮಾದಲ್ಲಿ ಆಪರೇಷನ್ ಮಾಡಿ ಕಾಲು ಬಿಡಿಸಿದರು. ಆಮೇಲೂ ಎಷ್ಟೋ ಆಪರೇಷನ್ ಆದವು. ಹದಿನೈದು ವರ್ಷ ಬದುಕಿ 2019ರಲ್ಲಿ ಹೋದಳು. ಅವಳಿಗೆ ಕೆಲಸ ಮಾಡುವ ಕಿಡ್ನಿ ಒಂದಿತ್ತು. ನಮ್ಮ ಕೂಸಿಗೆ ಎರಡೂ ಇರಲಿಲ್ಲ. ಸ್ಕ್ಯಾನ್ ಮಾಡಿದವರು ಮೂರು ಸಲ ಹುಡುಕಿದ್ದು ಅದನ್ನೇ. ನಾಲ್ಕು ತಿಂಗಳಾದಮೇಲೆ ಹೊಟ್ಟೆಯಲ್ಲಿರುವ ನೀರೆಲ್ಲ ಹೆಚ್ಚಿನಂಶ ಕೂಸಿನ ಮೂತ್ರವೇ. ಕಿಡ್ನಿ ಇಲ್ಲ ಅಂದರೆ ನೀರಿಲ್ಲ. ನೀರಿಲ್ಲ ಅಂದರೆ ಶ್ವಾಸಕೋಶ ಬೆಳೆಯುವುದಿಲ್ಲ. ಹೊರಗೆ ಬಂದರೂ ಉಸಿರು ಎಳೆದುಕೊಳ್ಳೋಕೆ ಆಗುವುದಿಲ್ಲ. ಬೆಂಗಳೂರಿಗೆ ಹೋಗಿದ್ದರೂ, ಅಮೆರಿಕಕ್ಕೆ ಹೋಗಿದ್ದರೂ ಕಿಡ್ನಿ ಇಲ್ಲದ್ದು ಇಲ್ಲದ್ದೇ. ಇದನ್ನು ಬರೆಯುವಾಗ ನನ್ನ ಕೈ ಸೋಲುತ್ತಿದೆ, ಆದರೂ ನೇರ ಬರೆಯುತ್ತೇನೆ. ಮೆತ್ತಗೆ ಹೇಳೋಕೆ ಹೋಗಿ "ಇರಬಹುದು" ಅಂದವಳು ನಾನು.

ಮತ್ತೆ ಆ ಮತ್ಸ್ಯಕನ್ಯೆ ಅನ್ನೋ ಹೆಸರಿನ ಚಿತ್ರಗಳನ್ನೆಲ್ಲ ನೋಡಬೇಡ. ಯಾರೋ ಸೈರನ್ ಅಂತ ಹಳೇ ಕಾಲದ ಕಥೆಯಿಂದ ಕಾಯಿಲೆಗೆ ಹೆಸರಿಟ್ಟರು. ನನಗೆ ಅದು ಹಿಡಿಸುವುದಿಲ್ಲ. ಅದು ನಮ್ಮ ಕೂಸು, ಅಷ್ಟೆ. ನೀನು ಅದಕ್ಕೆ ಮನಸ್ಸಿನಲ್ಲಿ ಒಂದು ಹೆಸರು ಇಟ್ಟಿದ್ದರೆ ಇಟ್ಟುಕೋ. ನನಗೆ ಹೇಳಬೇಕು ಅನ್ನಿಸಿದರೆ ಹೇಳು.

ಮುಂದಿನದ್ದಕ್ಕೆ ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಕೇಳದೆ ಹೇಳುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಈಗಲೇ ಅಂತಲ್ಲ, ನಿನಗೆ ಬೇಕು ಅನ್ನಿಸಿದಾಗ. ನಮ್ಮ ಮನೆಯ ಹೆಂಗಸರಿಗೆಲ್ಲ ಸಕ್ಕರೆ ಕಾಯಿಲೆ. ನಿನ್ನ ಅಜ್ಜಿ, ನಾನು, ನಿಮ್ಮಮ್ಮ. ನಿನಗೆ ಇಲ್ಲ ಅಂತ ರಿಪೋರ್ಟಿನಲ್ಲಿದೆ, ನಾನೇ ಎರಡು ಸಲ ನೋಡಿದೆ. ಆದ್ದರಿಂದ ಇದನ್ನೂ ತಲೆಗೆ ಹಚ್ಚಿಕೊಂಡು ಮತ್ತೆ ನನ್ನಿಂದಲೇ ಅಂತ ಶುರು ಮಾಡಬೇಡ, ದಮ್ಮಯ್ಯ. ಇದರ ಹತ್ತಿರದ ಇನ್ನೊಂದು ತೊಂದರೆ ಇದೆ. ಸೊಂಟದ ಎಲುಬು, ಬೆನ್ನುಹುರಿಯ ತುದಿ ಸರಿಯಾಗಿ ಬೆಳೆದಿರುವುದಿಲ್ಲ. ಅದು ಸಕ್ಕರೆ ಇರುವ ತಾಯಂದಿರ ಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ಆದರೂ ಸಕ್ಕರೆ ಇರುವ ಎಷ್ಟೋ ಜನ ತಾಯಂದಿರ ಮಕ್ಕಳು ಗಟ್ಟಿಮುಟ್ಟಾಗೇ ಹುಟ್ಟುತ್ತಾರೆ. ಆ ತೊಂದರೆ ಇದ್ದ ಒಬ್ಬ ಹುಡುಗನಿಗೆ ನಾನು ಲಸಿಕೆ ಹಾಕಿದ್ದೆ. ಓದಿನಲ್ಲಿ ಬಲು ಚುರುಕು. ಅವರಮ್ಮ ದಿನಾ ನಾಲ್ಕೈದು ಸಲ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯುತ್ತಿದ್ದಳು. ಆ ಹುಡುಗ ಈಗ ಗಾಲಿಕುರ್ಚಿಯಲ್ಲೇ ಅಂಗಡಿ ನಡೆಸುತ್ತಾನೆ. ಅವರಮ್ಮನೂ ನನ್ನನ್ನು ಇದೇ ಕೇಳಿದ್ದಳು, ನನ್ನಿಂದಲಾ ಅಂತ. ಎಲ್ಲಾ ತಾಯಂದಿರೂ ಇದನ್ನೇ ಯಾಕೆ ಕೇಳುತ್ತಾರೋ. ಅಪ್ಪಂದಿರು ಕೇಳಿದ್ದು ನಾನು ಕಾಣೆ.

ಏನೋ ಹೇಳೋಕೆ ಹೋಗಿ ಎಲ್ಲಿಗೋ ಹೋದೆ. ಹೇಳಬೇಕಿದ್ದು ಇಷ್ಟು. ಮತ್ತೆ ಗರ್ಭ ನಿಲ್ಲುವ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸು, ಮೂರು ತಿಂಗಳ ಸಕ್ಕರೆ ತೋರಿಸುತ್ತದಲ್ಲ, ಅದು. ಫೋಲಿಕ್ ಆಸಿಡ್ ಮಾತ್ರೆ ಮೊದಲೇ ಶುರು ಮಾಡು. ಈ ತೊಂದರೆಗೆ ಅದೇ ಮದ್ದು ಅಂತ ನಾನು ಹೇಳಲ್ಲ, ಬೆನ್ನುಹುರಿಗೆ ಒಳ್ಳೆಯದು ಅಂತ ಎಲ್ಲರಿಗೂ ಕೊಡುವುದು. ಮೂರನೇ ತಿಂಗಳು ತುಂಬುವ ಹೊತ್ತಿಗೆ, ಹನ್ನೊಂದರಿಂದ ಹದಿನಾಲ್ಕು ವಾರದ ಒಳಗೆ ಒಳ್ಳೆ ಸ್ಕ್ಯಾನ್ ಮಾಡಿಸು. ಆಗ ಇನ್ನೂ ನೀರಿರುತ್ತದೆ, ಕಾಲು ಎರಡೂ ಬೇರೆ ಬೇರೆ ಆಡುವುದು ಕಾಣುತ್ತದೆ. ನೋಡಿ ಸಮಾಧಾನ ಮಾಡಿಕೊಳ್ಳಬಹುದು. ಇದು ಒಂದೇ ಮನೆಯಲ್ಲಿ ಮತ್ತೆ ಮತ್ತೆ ಬರುವಂಥದ್ದಲ್ಲ, ಬಹಳ ಅಪರೂಪ ಅಂತ ನಿನ್ನ ಡಾಕ್ಟರೂ ಹೇಳಿದರು. ನೀನು ಆಗ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ ಅಂತ ಮತ್ತೆ ಬರೆದೆ.

ಎದೆಹಾಲಿನ ವಿಷಯ ಬರೆಯೋಕೆ ಸಂಕೋಚ ಮಾಡಿಕೊಂಡಿದ್ದೀಯಾ. "ರವಿಕೆ ಒದ್ದೆಯಾಗುತ್ತೆ, ಬಚ್ಚಲಲ್ಲಿ ನಿಂತು ಅಳ್ತೀನಿ" ಅಂತ ಒಂದೇ ಸಾಲು. ಐದು ತಿಂಗಳಾಗಿದ್ದರೆ ಹಾಲು ಬರುತ್ತದೆ ಮಗಳೇ. ಮೈಗೆ ಏನು ಗೊತ್ತು. ಹಿಂಡಿ ತೆಗೆಯುತ್ತಾ ಇದ್ದರೆ ಇನ್ನೂ ಜಾಸ್ತಿ ಆಗುತ್ತದೆ. ತುಂಬಾ ಬಿಗಿದರೆ ಮಾತ್ರ ನೋವು ಕಮ್ಮಿ ಆಗುವಷ್ಟು ತೆಗೆ. ತಣ್ಣೀರು ಬಟ್ಟೆ ಇಟ್ಟುಕೋ, ಅಳತೆಗೆ ಸರಿಯಾದ ಒಳಬಟ್ಟೆ ಹಾಕು, ಹಳೇ ಕಾಲದ ಹಾಗೆ ಬಿಗಿದು ಕಟ್ಟಬೇಡ. ಕೆಂಪಾದರೆ, ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗು. ನಿಲ್ಲಿಸೋಕೆ ಮಾತ್ರೆ ಇದೆ, ಕೇಳೋಕೆ ನಾಚಿಕೆ ಬೇಡ. ಇದನ್ನು ನಾನು ಆಸ್ಪತ್ರೆಯಲ್ಲೇ ನೆನಪಿಟ್ಟು ಕೇಳಬೇಕಿತ್ತು. ತಪ್ಪು ನನ್ನದು.

ನಿಮ್ಮ ಅತ್ತೆಯ ಜೊತೆ ವಾದಕ್ಕೆ ನಿಲ್ಲಬೇಡ. ಅವರು ಕೆಟ್ಟವರಲ್ಲ. ಅವರಿಗೂ ಮೊಮ್ಮಗು ಹೋಗಿದೆ, ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿದೆ. ನಾನೇ ಬಂದು ಮಾತಾಡುತ್ತೇನೆ. ಮೇಕೆ ಮರಿಯ ಕಥೆ ಅವರಿಗೂ ಹೇಳುತ್ತೇನೆ. ನಲವತ್ತೈದು ವರ್ಷದ ಹಿಂದೆ ಒಂದು ಮನೆ ಬಾಗಿಲಲ್ಲಿ ಹೇಳಬೇಕಿದ್ದನ್ನು ಈಗ ನಿಮ್ಮ ಮನೆ ಬಾಗಿಲಲ್ಲಿ ಹೇಳುತ್ತೇನೆ.

ಬುಧವಾರ ಬೆಳಗ್ಗೆ ಬಸ್ಸಿಗೆ ಹೊರಡುತ್ತೇನೆ. ಗುರುವಾರ ಹೊಸ್ತಿಲ ಹುಣ್ಣಿಮೆ. ನಿಮ್ಮ ಮನೆಯಲ್ಲೂ ಹೊಸ್ತಿಲು ತೊಳೆದು ಪೂಜೆ ಮಾಡುತ್ತಾರಲ್ಲ, ನಾನೂ ಇರುತ್ತೇನೆ. ಪೂಜೆ ಮುಗಿದ ಮೇಲೆ ನಾವಿಬ್ಬರೂ ಅದೇ ಹೊಸ್ತಿಲು ದಾಟಿ ನಿಮ್ಮ ತಾರಸಿಗೆ ಹೋಗೋಣ. ಮಂಡಿ ನೋವಿದೆ, ನಿಧಾನಕ್ಕೆ ಹತ್ತುತ್ತೇನೆ, ನೀನು ಕೈ ಹಿಡಿದುಕೋ. ನೀನು ನಿಂತಿದ್ದ ಜಾಗ ಯಾವುದು ಅಂತ ತೋರಿಸು. ನಾನೂ ಅಲ್ಲೇ ನಿಲ್ಲುತ್ತೇನೆ.

ಕಟಗ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತೇನೆ. ಅಲ್ಲಿಯ ತನಕ ಊಟ ಬಿಡಬೇಡ.

ಇತಿ ನಿನ್ನ
ದೊಡ್ಡಮ್ಮ

ಮರೆತಿದ್ದೆ. ಸ್ಕ್ಯಾನ್ ರಿಪೋರ್ಟು, ಆಸ್ಪತ್ರೆಯ ಕಾಗದ ಎಲ್ಲಾ ಒಂದು ಫೈಲಿನಲ್ಲಿ ಇಡು. ನೋಡೋಕೆ ಆಗಲ್ಲ ಅಂತ ಹರಿದು ಹಾಕಬೇಡ, ಮುಂದೆ ಡಾಕ್ಟರು ಕೇಳುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳೋಕೆ ಕಷ್ಟ ಆದರೆ ನನ್ನ ಹತ್ತಿರ ಕೊಡು. ನನ್ನ ಬೀರುವಿನಲ್ಲಿ ಇಟ್ಟಿರುತ್ತೇನೆ. ಕೂಸಿನ ಪಾದದ ಗುರುತು ತೆಗೆದುಕೊಟ್ಟರಲ್ಲ, ಆ ಸಣ್ಣ ಕಾಗದ ಕೂಡ ಅದರಲ್ಲೇ ಇದೆ, ನಾನೇ ಮಡಿಚಿ ಹಾಕಿದ್ದೆ. ಅದು ಬೇಕು ಅಂದರೆ ನೀನೇ ಇಟ್ಟುಕೋ.